ಒಂದೇ ತಾನಿನ ಬಟ್ಟೆ

ನಮ್ಮ ಮನೆಗೆ ದೀಪಾವಳಿ ಬರುತ್ತಿದ್ದುದು ಅಪ್ಪನ ಕಂಕುಳಲ್ಲಿ. ಹಬ್ಬಕ್ಕೆ ಇನ್ನೂ ಕೆಲವು ವಾರ ಇದೆ ಅನ್ನುವಾಗ ಒಂದು ಮಧ್ಯಾಹ್ನ, ಖಾಕಿ ಅಂಗಿಯ ಮೇಲೆ ಟಿಕೆಟ್ ಬ್ಯಾಗು ನೇತುಹಾಕಿಕೊಂಡೇ, ಪೇಪರಿನಲ್ಲಿ ಸುತ್ತಿದ ಬಟ್ಟೆಯ ತಾನೊಂದನ್ನು ಅವುಚಿಕೊಂಡು ಅವನು ವಠಾರದ ಬಾಗಿಲು ದಾಟಿ ಬರುತ್ತಿದ್ದ. ಅಪ್ಪ ತುಮಕೂರಿನಿಂದ ಕುಣಿಗಲ್ಲಿಗೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಮಂಡಿಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಗಂಟುಗಳನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಕುಣಿಗಲ್ಲಿನ ಅಂಗಡಿಗಳಿಗೆ ಜೋಪಾನವಾಗಿ ಮುಟ್ಟಿಸುತ್ತಿದ್ದ. ಆ ಉಪಕಾರಕ್ಕೆ ಅವರು ವರ್ಷಕ್ಕೊಮ್ಮೆ, ಯಾರೂ ಕೊಳ್ಳದೆ ಅಂಗಡಿಯಲ್ಲೇ ಉಳಿದುಹೋದ ಒಂದು ತಾನನ್ನು ಅಸಲಿಗಿಂತ ಕಡಿಮೆಗೆ ಕೊಡುತ್ತಿದ್ದರು. ಹಾಗಾಗಿ ಬಣ್ಣ, ಹೂವು, ಗೆರೆ ಯಾವುದೂ ನಮ್ಮ ಆಯ್ಕೆಯಲ್ಲ. ಊರೆಲ್ಲ ಬೇಡವೆಂದದ್ದು ನಮ್ಮ ಮೈಮೇಲೆ ಬರುತ್ತಿತ್ತು. ಒಂದು ವರ್ಷ ಇಟ್ಟಿಗೆ ಬಣ್ಣದ ಮೇಲೆ ಕಪ್ಪು ಚುಕ್ಕಿ, ಇನ್ನೊಂದು ವರ್ಷ ಪಾಚಿ ಹಸಿರಿನ ಮೇಲೆ ಸಣ್ಣ ಸಣ್ಣ ಕೊಡೆಗಳ ಚಿತ್ರ. ಆ ಒಂದೇ ತಾನಿನಲ್ಲಿ ಅಮ್ಮನಿಗೆ ರವಿಕೆ, ನನಗೆ ಲಂಗ, ತಮ್ಮ ಶಿವುವಿಗೆ ಅಂಗಿ ಚಡ್ಡಿ, ಅಪ್ಪನಿಗೆ ಅರ್ಧ ತೋಳಿನ ಅಂಗಿ ಎಲ್ಲ ಆಗಬೇಕು. ಅಜ್ಜಿ, ಅಂದರೆ ಅಪ್ಪನ ತಾಯಿ, ಬಿಳಿ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ. ಅವಳಿಗೆ ಅದೇ ಬಟ್ಟೆಯಲ್ಲಿ ಒಂದು ಎಲೆಅಡಿಕೆ ಸಂಚಿ.

ವಠಾರದ ಆ ಬಾಡಿಗೆ ಮನೆಯಲ್ಲಿ ಕೋಣೆಗಳು ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಇದ್ದವು. ಮುಂದೆ ಹಜಾರ, ಆಮೇಲೆ ನಡುಮನೆ, ಕೊನೆಗೆ ಅಡುಗೆಮನೆ, ಅದರ ಮೂಲೆಯಲ್ಲೇ ಹಂಡೆ ಹೂತ ಬಚ್ಚಲು. ಬೆಳಕು ಬರುತ್ತಿದ್ದುದು ನಡುಮನೆಯ ಒಂದು ಗವಾಕ್ಷಿಯಿಂದ ಮಾತ್ರ. ಅದರ ಕೆಳಗೆ ಅಮ್ಮನ ಹೊಲಿಗೆ ಮೆಷಿನ್ನು. ತಾನು ಬಂದ ದಿನ ಅಮ್ಮ ನಡುಮನೆಯನ್ನು ಗುಡಿಸಿ ಒರೆಸಿ, ಬಟ್ಟೆಯನ್ನು ನೆಲದ ಮೇಲೆ ಹಾಸಿ, ಮೊಣಕಾಲೂರಿ ಕೂತು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಕತ್ತರಿ ಹಾಕುವ ಮುಂಚೆ ಅವಳ ಮನಸ್ಸಿನಲ್ಲಿ ನಾವೆಲ್ಲರೂ ಆ ಬಟ್ಟೆಯ ಮೇಲೆ ಒತ್ತೊತ್ತಾಗಿ ಮಲಗಿರುತ್ತಿದ್ದೆವೋ ಏನೋ. ಪ್ರತಿ ವರ್ಷವೂ ಮಾತು ಒಂದೇ.

“ಈ ಸಲನೂ ಸಾಲಲ್ಲ ಕಣ್ರೀ. ನಿಮ್ಮ ಸಾವ್ಕಾರ್ರು ಅಳ್ತೇಲಿ ಹೊಡೀತಾರೆ.”

“ಪುಕ್ಸಟ್ಟೆ ಕೊಟ್ಟಂಗೆ ಕೊಡ್ತಾರೆ, ಅದ್ರಲ್ಲೂ ಅಳ್ತೆ ಕೇಳ್ತೀಯಲ್ಲ. ಎಲ್ಲಾದ್ರೂ ಪೀಸ್ ಕೊಟ್ಟು ಹೊಲಿ.”

ಅಮ್ಮ ಹಾಗೇ ಮಾಡುತ್ತಿದ್ದಳು. ಶಿವುವಿನ ಚಡ್ಡಿಯ ಹಿಂಭಾಗದಲ್ಲಿ, ನನ್ನ ಲಂಗದ ನೆರಿಗೆಯ ಒಳಮಡಿಕೆಯಲ್ಲಿ ಯಾವಾಗಲೂ ಒಂದು ಜೋಡಣೆ ಇರುತ್ತಿತ್ತು. ಚಿತ್ರಕ್ಕೆ ಚಿತ್ರ ಕೂಡಿಸಿ ಹೊಲಿದಿರುತ್ತಿದ್ದರಿಂದ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ವಠಾರದವರು ನಮಗೆ ಬ್ಯಾಂಡ್‌ಸೆಟ್‌ನೋರು ಅಂತ ಹೆಸರಿಟ್ಟಿದ್ದರು. ಹಬ್ಬದ ದಿನ ನಾವು ಮನೆಯಿಂದ ಹೊರಡುತ್ತಿದ್ದ ಹಾಗೆ ಎದುರು ಮನೆಯ ಹುಡುಗರು ಬಾಯಲ್ಲೇ ಡೋಲು ಬಾರಿಸುತ್ತಿದ್ದರು. ನನಗೆ ನಾಚಿಕೆಯಾಗಿ ಅಮ್ಮನ ಸೆರಗಿನ ಹಿಂದೆ ಸೇರುತ್ತಿದ್ದೆ. ಅಪ್ಪನಿಗೆ ಮಾತ್ರ ಅದೇ ಖುಷಿ. ದಿನವೆಲ್ಲ ಬಸ್ಸಿನಲ್ಲಿ ಕೂಗಿ ಕೂಗಿ ಮನೆಗೆ ಬಂದರೆ ಮಾತೇ ಆಡದ ಮನುಷ್ಯ, ಆ ಬೆಳಿಗ್ಗೆ ಹಣೆ ತುಂಬ ವಿಭೂತಿ ಧರಿಸಿ, ಶಿವುವನ್ನು ಹೆಗಲಿಗೇರಿಸಿಕೊಂಡು, ದೇವಸ್ಥಾನಕ್ಕೆ ಹತ್ತಿರದ ದಾರಿ ಬಿಟ್ಟು ಪೇಟೆ ಬೀದಿ ಸುತ್ತಿ ಕರೆದುಕೊಂಡು ಹೋಗುತ್ತಿದ್ದ. ಯಾರಾದರೂ ನಕ್ಕರೆ ನಿಂತು ಹೇಳುತ್ತಿದ್ದ:

“ನೋಡಿದ್ ತಕ್ಷಣ ಗೊತ್ತಾಗ್ಬೇಕು, ಇವ್ರೆಲ್ಲ ರುದ್ರಣ್ಣನ ಮನೆಯೋರು ಅಂತ.”

ದಿನ ಬಿಟ್ಟು ದಿನ ಅವನ ಬಸ್ಸು ಕುಣಿಗಲ್ಲಿನಲ್ಲೇ ಹಾಲ್ಟ್ ಆಗುತ್ತಿತ್ತು. ಆ ದಿನಗಳಲ್ಲಿ ಅಮ್ಮ ಸಂಜೆ ಒಲೆ ಬೇಗ ಆರಿಸುತ್ತಿದ್ದಳು. ಅಪ್ಪ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ರೂಮಿನಲ್ಲಿ ಡ್ರೈವರ್ ಜೊತೆ ಮಲಗುತ್ತಾನೆ ಎಂದು ನಮಗೆ ಗೊತ್ತಿತ್ತು. ಅಂದರೆ ಹಾಗೆಂದು ಹೇಳಲಾಗಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷದ ತಾನು ನೇರಳೆ ಬಣ್ಣದ್ದು, ಮೇಲೆ ಅಂಗೈಯಷ್ಟಗಲದ ಹಳದಿ ಎಲೆಗಳು. ಅಷ್ಟು ಎದ್ದು ಕಾಣುವ ಬಟ್ಟೆಯನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಹಬ್ಬ ಕಳೆದು ಮುಂದಿನ ಭಾನುವಾರ ಅಮ್ಮ, ಅಜ್ಜಿ, ನಾನು, ಶಿವು ಗೂಳೂರಿನ ಗಣಪತಿ ನೋಡಲು ಹೋದೆವು. ದೀಪಾವಳಿಯ ಹೊತ್ತಿಗೆ ಅಲ್ಲಿ ಮಣ್ಣಿನ ದೊಡ್ಡ ಗಣಪತಿ ಸಿದ್ಧವಾಗಿ ಕೂತಿರುತ್ತದೆ. ಕಾರ್ತೀಕವೆಲ್ಲ ಸುತ್ತಲ ಊರುಗಳಿಂದ ಜನ ಬರುತ್ತಾರೆ. ಅಪ್ಪ ಡ್ಯೂಟಿಯಲ್ಲಿದ್ದ. ಗೂಳೂರು ಅವನ ಬಸ್ಸಿನ ದಾರಿಯಲ್ಲೇ ಇದ್ದುದರಿಂದ, ಸಂಜೆ ವಾಪಸಾಗುವಾಗ ಅವನ ಬಸ್ಸಿಗೇ ಹತ್ತುವುದು ಎಂದು ಮಾತಾಗಿತ್ತು. ಹೊಸಬಟ್ಟೆ ಇನ್ನೂ ಒಗೆತ ಕಂಡಿರಲಿಲ್ಲವಾದ್ದರಿಂದ ಅವನ್ನೇ ಹಾಕಿಕೊಂಡಿದ್ದೆವು.

ದರ್ಶನದ ಸಾಲು ಉದ್ದವಿತ್ತು. ಬಿಸಿಲಿಗೆ ಶಿವು ರಚ್ಚೆ ಹಿಡಿದಿದ್ದ. ಹೆಗಲಿಗೆ ಟವೆಲ್ ಹಾಕಿದ, ಸಾಲು ನೋಡಿಕೊಳ್ಳುತ್ತಿದ್ದ ಗಂಡಸೊಬ್ಬ ಜನರನ್ನು ಸರಿಸಿಕೊಂಡು ನಮ್ಮ ಹತ್ತಿರ ಬಂದ. ಅವನ ಕೈ ಹಿಡಿದು ಶಿವುವಿನ ವಯಸ್ಸಿನ ಒಂದು ಹೆಣ್ಣುಮಗು ಬಿಕ್ಕುತ್ತಿತ್ತು. ಅದು ತೊಟ್ಟಿದ್ದ ಲಂಗ ನೇರಳೆ ಬಣ್ಣದ್ದು, ಮೇಲೆ ಹಳದಿ ಎಲೆ.

“ಏನಮ್ಮ, ಮಗೀನ್ ಕೈ ಬಿಟ್ಟು ಆರಾಮಾಗಿ ನಿಂತಿದೀರಲ್ಲ. ಅಲ್ಲಿ ಚಪ್ಲಿ ರಾಶಿ ತಾವ ಅಳ್ತಾ ಕೂತಿತ್ತು.”

“ಇದು ನಮ್ದಲ್ಲ,” ಎಂದಳು ಅಮ್ಮ.

“ನಿಮ್ದಲ್ದೆ ಇನ್ಯಾರ್ದು? ಬಟ್ಟೆ ನೋಡಿದ್ರೆ ಗೊತ್ತಾಗಲ್ವಾ?”

ಮಗುವಿನ ಕೈಯನ್ನು ಅಮ್ಮನ ಕೈಯಲ್ಲಿಟ್ಟು ಅವನು ಹೊರಟೇ ಹೋದ. ಅಮ್ಮ ಮೊದಲು ನಕ್ಕಳು. ಎಂಥ ಕಾಕತಾಳೀಯ ಅಂತಲೋ ಏನೋ. ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಮಗುವಿನ ಮೂಗು ಒರೆಸಿದಳು. ಹೆಸರು ಕೇಳಿದಳು. ಗೀತಾ ಎಂದಿತು. ಊರು ಕೇಳಿದಳು. ಕುಣಿಗಲ್ ಎಂದಿತು. ಮುಖವನ್ನು ಒರೆಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿದ್ದನ್ನು ನಾನು ನೋಡಿದೆ.

“ನಿಮ್ಮಪ್ಪ ಏನ್ ಮಾಡ್ತಾರೆ ಮಗ?”

“ಬಸ್ಸು.”

“ಬಸ್ಸು ಓಡುಸ್ತಾರಾ?”

“ಇಲ್ಲ. ಚೀಟಿ ಹರೀತಾರೆ.”

ಅಮ್ಮ ಮಗುವಿನ ಲಂಗದ ಅಂಚನ್ನು ತಿರುಗಿಸಿ ನೋಡಿದಳು. ಬೆರಳಿನಿಂದ ಬಟ್ಟೆಯನ್ನು ಉಜ್ಜಿದಳು. ಆಮೇಲೆ ಮಗುವಿನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ಎತ್ತಿದಳು. ನಾನೂ ನೋಡಿದೆ. ಶಿವು ಅತ್ತಾಗ ಅವನ ಕೆಳದುಟಿ ಹೇಗೆ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತೋ ಹಾಗೇ ಆ ಮಗುವಿನದೂ ಎಳೆದುಕೊಂಡಿತ್ತು. ನನಗೆ ಆ ವಯಸ್ಸಿಗೆ ಏನೂ ಅರ್ಥವಾಗಲಿಲ್ಲ ಎಂದು ಬರೆದರೆ ಅದು ಸುಳ್ಳು. ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ, ಅಷ್ಟೆ.

“ಅದುನ್ನ ಅಲ್ಲೇ ಯಾರ್ ಕೈಗಾದ್ರೂ ಕೊಟ್ಬುಡು, ಸಾಲು ಮುಂದಕ್ಕೋಯ್ತಾ ಅದೆ,” ಎಂದಳು ಅಜ್ಜಿ. ಅಷ್ಟು ಹೊತ್ತೂ ಅವಳು ಮಗುವಿನ ಕಡೆ ಒಮ್ಮೆಯೂ ತಿರುಗಿರಲಿಲ್ಲ.

ಅಮ್ಮ ತಲೆಯೆತ್ತಿ ಅವಳನ್ನು ನೋಡಿದಳು.

“ಅತ್ತೆ, ನಿಮಗ್ ಗೊತ್ತಿತ್ತಾ?”

ಅಜ್ಜಿ ಸೊಂಟದಿಂದ ಸಂಚಿ ತೆಗೆದು, ಎಲೆಯ ತೊಟ್ಟು ಮುರಿಯುತ್ತ, ಗಣಪತಿ ಇದ್ದ ದಿಕ್ಕಿಗೆ ಮುಖ ಮಾಡಿ ನಿಂತಳು. ಅದೇ ಉತ್ತರ.

ಸ್ವಲ್ಪ ಹೊತ್ತಿನಲ್ಲಿ ಹೆಂಗಸೊಬ್ಬಳು ಜನರ ಮಧ್ಯೆ ತಡವರಿಸುತ್ತ ಓಡಿಬಂದಳು. ಸಣ್ಣ ವಯಸ್ಸು, ಕಪ್ಪು ಮೈಬಣ್ಣ, ಕೈಯಲ್ಲಿ ತೆಂಗಿನಕಾಯಿ ಹಣ್ಣಿನ ಬುಟ್ಟಿ. ಹಳದಿ ಸೀರೆಗೆ ನಮ್ಮ ನೇರಳೆ ಬಟ್ಟೆಯ ರವಿಕೆ. ಅವಳು ಮಗುವನ್ನು ನೋಡಿದಳು, ಅಮ್ಮನ ರವಿಕೆ ನೋಡಿದಳು, ನನ್ನನ್ನೂ ಶಿವುವನ್ನೂ ನೋಡಿದಳು, ಆಮೇಲೆ ಇದ್ದಲ್ಲೇ ನಿಂತುಬಿಟ್ಟಳು. ಸುತ್ತಲಿದ್ದವರಿಗೆ ನಾವು ಒಂದೇ ಮನೆಯವರ ಹಾಗೆ ಕಂಡಿರಬೇಕು. ಯಾರೋ ಹಿಂದಿನಿಂದ, “ನಿಮ್ಮೋರೆಲ್ಲ ಒಂದೇ ಕಡೆ ನಿಂತ್ಕಳಿ, ಸಾಲು ಮುರೀಬ್ಯಾಡಿ,” ಅಂದರು. ಅಮ್ಮ ಎದ್ದು ಮಗುವಿನ ಕೈಯನ್ನು ಅವಳ ಕಡೆಗೆ ಚಾಚಿದಳು.

“ಮಗೀನ್ ಕೈ ಬಿಡ್ಬ್ಯಾಡಿ. ಜನ ಜಾಸ್ತಿ ಅವ್ರೆ.”

“ಅಕ್ಕ,” ಎಂದಳು ಆಕೆ. ಮಗುವನ್ನು ಎತ್ತಿಕೊಂಡು ಸಾಲು ಬಿಟ್ಟು, ದರ್ಶನ ಮಾಡದೆ ಹೊರಟುಹೋದಳು. ನಾವು ಸಾಲಿನಲ್ಲೇ ಉಳಿದು ಗಣಪತಿಯನ್ನು ನೋಡಿದೆವು. ಅಮ್ಮ ಮಂಗಳಾರತಿಗೆ ಕೈಯೊಡ್ಡಿದಳು, ಶಿವುವಿನ ಹಣೆಗೆ ಕುಂಕುಮ ಇಟ್ಟಳು, ಪ್ರಸಾದ ಹಂಚಿದಳು. ಎಲ್ಲವನ್ನೂ ನಿಧಾನವಾಗಿ, ಒಂದನ್ನೂ ಬಿಡದೆ ಮಾಡಿದಳು.

ಸಂಜೆ ರಸ್ತೆಗೆ ಬಂದು ನಿಂತಾಗ ಅಪ್ಪನ ಬಸ್ಸು ಬಂತು. ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು, “ತುಮ್ಕೂರು, ತುಮ್ಕೂರು,” ಎಂದು ಕೂಗುತ್ತಿದ್ದವನು ನಮ್ಮನ್ನು ಕಂಡು ನಕ್ಕು ಒಳಗೆ ಜಾಗ ಮಾಡಿಸಿದ. ಅಜ್ಜಿ ಹತ್ತಿದಳು. ಅಮ್ಮ ನನ್ನ ಮತ್ತು ಶಿವುವಿನ ಕೈ ಹಿಡಿದು ನಿಂತೇ ಇದ್ದಳು.

“ಹತ್ತೇ, ಹೊತ್ತಾಯ್ತದೆ.”

ಅಪ್ಪ ಅವಳ ಮುಖವನ್ನೇ ನೋಡಿದ. ಒಳಗಿನಿಂದ ಅಜ್ಜಿ ಅವನನ್ನು ಹೆಸರು ಹಿಡಿದು ಕರೆದು ಮೆಲ್ಲಗೆ ಏನೋ ಅಂದಳು. ಅವನ ನಗು ಹೋಯಿತು. ಬಸ್ಸಿನ ಜನ ಗದ್ದಲ ಮಾಡತೊಡಗಿದರು. ಅವನು ಸೀಟಿ ಊದಿದ. ಬಸ್ಸು ಹೊರಟಿತು. ನಾವು ಮೂವರು ಹೆದ್ದಾರಿಯ ಪಕ್ಕದಲ್ಲಿ ಊರಿನ ತನಕ ನಡೆದುಕೊಂಡು ಬಂದೆವು. ಲಾರಿಗಳು ಹೋದಾಗಲೆಲ್ಲ ಅಮ್ಮ ನಮ್ಮನ್ನು ಮಣ್ಣಿನ ಕಡೆಗೆ ಸರಿಸುತ್ತಿದ್ದಳು. ಕಾಲು ನೋಯುತ್ತದೆ ಎಂದು ಶಿವು ಅತ್ತಾಗ ಎತ್ತಿಕೊಂಡಳು. ದಾರಿಯುದ್ದಕ್ಕೂ ಅವಳು ಆಡಿದ ಮಾತು ಒಂದೇ: “ಲಂಗ ಎತ್ತಿ ಹಿಡ್ಕೊ, ಧೂಳಾಯ್ತದೆ.”

ಮಾರನೆಯ ದಿನ ಅಪ್ಪ ಡ್ಯೂಟಿಗೆ ಹೋಗಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ಅಮ್ಮ ಒಳಗೆ ರಾಗಿಮುದ್ದೆಗೆ ಹಿಟ್ಟು ಹಾಕಿದ್ದಳು. ನಾನು ನಡುಮನೆಯಲ್ಲಿ ಮೆಷಿನ್ನಿನ ಹಿಂದೆ ಪುಸ್ತಕ ಹಿಡಿದು ಕೂತಿದ್ದೆ. ಅರಚಾಟ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

“ತಪ್ಪಾಯ್ತು ಅಂತ ಹೇಳಕ್ಕೆ ಕೂತಿಲ್ಲ,” ಎಂದ ಅಪ್ಪ. “ಬಿಡಕ್ಕಾಗಲ್ಲ. ಅದೂ ನನ್ ಮಗೂನೆ. ಅವ್ಳಿಗೆ ಹಿಂದೆ ಮುಂದೆ ಯಾರೂ ಇಲ್ಲ.”

ಅಮ್ಮ ಮುದ್ದೆ ಕೋಲಿನಿಂದ ಹಿಟ್ಟನ್ನು ತಿರುವುತ್ತಲೇ ಇದ್ದಳು. ತಿರುವಿ, ಪಾತ್ರೆ ಇಳಿಸಿ, ಕೈ ತೊಳೆದುಕೊಂಡು ಕೇಳಿದಳು:

“ಒಂದೇ ತಾನಲ್ಲಿ ಯಾಕ್ ಹರುದ್ರಿ?”

ಅಪ್ಪನಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ.

“ಅವ್ರಿಗೆ ಬೇರೆ ಬಟ್ಟೆ ತಂದ್ಕೊಡಕ್ಕೆ ಆಗ್ಲಿಲ್ವಾ? ನಾನಿಲ್ಲಿ ವರ್ಸಾ ವರ್ಸಾ ಚೂರು ಚೂರು ಕೂಡ್ಸಿ ಹೊಲೀತಿದ್ದೆ. ಸಾವ್ಕಾರ್ರನ್ನ ಬೈಕೊಂಡು ಹೊಲೀತಿದ್ದೆ.”

“ಅಗ್ಗವಾಗ್ ಸಿಗೋದು ಅದೊಂದೇ. ಎರಡೆರಡು ಕಡೆಗೆ ನಾನ್ ಎಲ್ಲಿಂದ ತರ್ಲಿ?”

ಅಷ್ಟೇ ಅವನು ಹೇಳಿದ್ದು. ದುಡ್ಡಿನ ಕಷ್ಟ ನಿಜವೇ. ಆದರೆ ಪೇಟೆ ಬೀದಿಯಲ್ಲಿ ನಮ್ಮನ್ನು ಮೆರೆಸಿಕೊಂಡು ಹೋಗುತ್ತಿದ್ದ ಅಪ್ಪ, ಕುಣಿಗಲ್ಲಿನ ಬೀದಿಯಲ್ಲಿ ಅಮ್ಮ ಹೊಲಿದ ಅದೇ ಅಂಗಿ ತೊಟ್ಟು ಆ ತಾಯಿ ಮಗಳ ಜೊತೆ ನಡೆದಿರಬೇಕು. ತನ್ನವರೆಲ್ಲ ಒಂದೇ ಬಟ್ಟೆಯಲ್ಲಿ ಇರಲಿ ಎನ್ನುವ ಆಸೆ ಅವನಿಗಿತ್ತೋ, ಅಥವಾ ಅವನು ಹೇಳಿದ ಹಾಗೆ ಬರೀ ಅಗ್ಗವೆಂದು ಹಾಗೆ ಮಾಡಿದನೋ, ಇಷ್ಟು ವಯಸ್ಸಾದರೂ ನನಗೆ ತೀರ್ಮಾನಿಸಲು ಆಗಿಲ್ಲ. ಅಮ್ಮನಿಗೆ ಯಾವುದಾಗಿದ್ದರೂ ನೋವು ಒಂದೇ ಆಗಿತ್ತೆಂದು ಕಾಣುತ್ತದೆ.

ಅದೇ ವಾರ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಗುಬ್ಬಿಗೆ, ತನ್ನ ಅಣ್ಣನ ಮನೆಗೆ ಹೋದಳು. ಶಾಲೆ ಇದ್ದಾಗಲೇ ಬಂದಿದ್ದನ್ನು ನೋಡಿಯೂ ಮಾವ ಏನೂ ಕೇಳಲಿಲ್ಲ. ಅತ್ತೆ ಮೊದಲ ಕೆಲವು ದಿನ ಒಬ್ಬಟ್ಟು ಮಾಡಿ ಹಾಕಿದಳು, ಆಮೇಲೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡತೊಡಗಿದಳು. ಅಕ್ಕಪಕ್ಕದವರು ಬಾವಿಕಟ್ಟೆಯಲ್ಲಿ ಅಮ್ಮನನ್ನು, “ಹಬ್ಬ ಕಳುದ್ಮೇಲೆ ಬಂದೋಳು ಇನ್ನೂ ಇದೀಯಾ?” ಎಂದು ಕೇಳುತ್ತಿದ್ದರು. ಅಮ್ಮ ಆ ಮನೆಯ ಹರಿದ ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಕೈಯಲ್ಲೇ ಹೊಲಿದುಕೊಟ್ಟಳು. ಹೊಲಿಯಲು ಏನೂ ಉಳಿಯದಾದಾಗ ಒಂದು ದಿನ ಮಾವ ಜಗಲಿಯ ಮೇಲೆ ಕೂತು ಹೇಳಿದ:

“ಗಂಡಸ್ರು ಅಂದ್ಮೇಲೆ ಇದ್ದಿದ್ದೇ ಕಣಮ್ಮ. ನೀನು ಮನೆ ಬುಟ್ಟು ಬಂದ್ರೆ ಮನೆ ಅವ್ಳಿಗಾಯ್ತದೆ.”

ಅಮ್ಮ ಆ ಮಧ್ಯಾಹ್ನವೇ ನಮ್ಮ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ವಾಪಸು ಬಂದಾಗ ವಠಾರದ ಮನೆಯಲ್ಲಿ ಅಜ್ಜಿ ಒಬ್ಬಳೇ ಕೂತು ಗಂಜಿ ಕುಡಿಯುತ್ತಿದ್ದಳು. ಎದ್ದು ಬಂದು ಅಮ್ಮನ ಕೈಯಿಂದ ಚೀಲ ಇಸಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ಅಮ್ಮ ಅದನ್ನು ನೋಡಿಯೂ ನೋಡದವಳಂತೆ ಒಳಗೆ ಹೋಗಿ ಒಲೆ ಹಚ್ಚಿದಳು. ಅಪ್ಪ ಮೊದಲಿನ ಹಾಗೇ ದಿನ ಬಿಟ್ಟು ದಿನ ಬರುತ್ತಿದ್ದ. ಊಟಕ್ಕೆ ಕರೆಯುವುದು, ಮಕ್ಕಳ ಫೀಸು ಕೇಳುವುದು, ಇವೆಲ್ಲ ನನ್ನ ಮೂಲಕ ನಡೆಯುತ್ತಿದ್ದವು. ಒಂದೇ ಕೋಣೆಯಲ್ಲಿದ್ದರೂ, “ನಿಮ್ಮಪ್ಪಂಗೆ ಸಾರು ಬೇಕಾ ಕೇಳು,” ಎನ್ನುತ್ತಿದ್ದಳು ಅಮ್ಮ. ನಾನು ಕೇಳಿ, ಅವನು ಹೇಳಿದ್ದನ್ನು ಮತ್ತೆ ಅವಳಿಗೆ ಹೇಳುತ್ತಿದ್ದೆ. ನಡುವೆ ಒಂದಿಷ್ಟು ಮಾತನ್ನು ನಾನೇ ಮೆತ್ತಗೆ ಮಾಡಿ ಹೇಳುವುದನ್ನೂ ಕಲಿತೆ. ಇವತ್ತಿಗೂ ಯಾವ ಮನೆಗೆ ಹೋದರೂ, ಅಲ್ಲಿ ಯಾರು ಯಾರನ್ನು ನೋಡದೆ ಮಾತಾಡುತ್ತಿದ್ದಾರೆ ಎನ್ನುವುದು ನನಗೆ ಮೊದಲು ಕಾಣುತ್ತದೆ.

ಅಮ್ಮ ವಠಾರದವರ ಬಟ್ಟೆ ಹೊಲಿದುಕೊಡಲು ಶುರುಮಾಡಿದಳು. ಮುಂದಿನ ದೀಪಾವಳಿ ಹತ್ತಿರ ಬಂದಾಗ ಅಪ್ಪ ಎಂದಿನಂತೆ ತಾನು ತಂದ, ಹಸಿರು ಚೌಕಳಿಯದು. ನಡುಮನೆಯ ಟ್ರಂಕಿನ ಮೇಲಿಟ್ಟು, ಅಮ್ಮ ಇರುವ ಕಡೆ ನೋಡದೆ, “ಈ ಸಲ ಪೂರ್ತಿ ಐತೆ,” ಎಂದ. ಅಮ್ಮ ಅದನ್ನು ಮುಟ್ಟಲಿಲ್ಲ. ಅದರ ಪೇಪರನ್ನೂ ಬಿಚ್ಚಲಿಲ್ಲ. ದಿನವೂ ಟ್ರಂಕಿನ ಸುತ್ತಲೂ ಗುಡಿಸಿ, ಅದನ್ನು ಹಾಗೇ ಬಿಟ್ಟಳು. ಒಂದು ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಅದೇ ಸಂಜೆ ಅಮ್ಮ ನಮ್ಮನ್ನು ಪೇಟೆಗೆ ಕರೆದುಕೊಂಡು ಹೋಗಿ, ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದ ತುಂಡುಬಟ್ಟೆಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ ಎಂದಳು. ಜೀವನದಲ್ಲಿ ಮೊದಲ ಸಲ ನನ್ನ ಬಟ್ಟೆಯನ್ನು ನಾನೇ ಆರಿಸಿದೆ, ಗುಲಾಬಿ ಬಣ್ಣದ್ದು. ಶಿವು ಅಲ್ಲೇ ಹಟ ಹಿಡಿದ. ಅವನಿಗೂ ಗುಲಾಬಿಯೇ ಬೇಕು, ಅಮ್ಮನಿಗೂ ಅದೇ ಆಗಬೇಕು. ಅಂಗಡಿಯವನು ಅಷ್ಟೊಂದು ಇಲ್ಲ ಮಗ ಎಂದರೂ ಕೇಳಲಿಲ್ಲ. ಅಮ್ಮ ಅವನಿಗೆ ನೀಲಿ ತುಂಡನ್ನು, ತನಗೆ ಒಂದು ಕಂದು ರವಿಕೆ ಬಟ್ಟೆಯನ್ನು ಕೊಂಡಳು. ಅಪ್ಪನಿಗೆ ಏನೂ ಕೊಳ್ಳಲಿಲ್ಲ.

ಹಬ್ಬದ ಮುನ್ನಾದಿನ ಅಪ್ಪನ ಹಾಲ್ಟ್ ಕುಣಿಗಲ್ಲಿನಲ್ಲಿತ್ತು. ಹಬ್ಬದ ಬೆಳಿಗ್ಗೆ ನಮಗೆಲ್ಲ ಎಣ್ಣೆನೀರು ಆಗಿ, ಅಜ್ಜಿ ಕಜ್ಜಾಯದ ತಟ್ಟೆಯನ್ನು ದೇವರ ಮುಂದಿಡುತ್ತಿದ್ದಾಗ ಅವನು ಬಂದ. ಖಾಕಿ ಅಂಗಿ ಕೈಯಲ್ಲಿತ್ತು. ಮೈಮೇಲೆ ಹೊಸ ಅಂಗಿ, ಹಸಿರು ಚೌಕಳಿಯದು. ಟೈಲರ್ ಹೊಲಿದದ್ದು, ಕಾಲರು ಗಟ್ಟಿಯಾಗಿ ನಿಂತಿತ್ತು. ಅವನು ಅದನ್ನು ಬೇಕೆಂದು ತೊಟ್ಟು ಬಂದನೆಂದು ನನಗೆ ಅನ್ನಿಸಿಲ್ಲ. ಅಲ್ಲಿ ಎದ್ದು ಸ್ನಾನ ಮಾಡಿದಾಗ ಯಾರೋ ಕೈಗಿಟ್ಟಿರಬೇಕು, ತೊಟ್ಟಿರಬೇಕು, ಮೊದಲ ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಬಂದಿರಬೇಕು. ಬಾಗಿಲಲ್ಲಿ ನಮ್ಮ ಮೂರು ಬಣ್ಣಗಳನ್ನು ನೋಡಿದಾಗಲೇ ತನ್ನ ಮೈಮೇಲೆ ಏನಿದೆ ಎಂಬುದು ಅವನಿಗೆ ನೆನಪಾಯಿತು. ಶಿವು ಓಡಿಹೋಗಿ ಅವನ ಅಂಗಿಯ ತುದಿ ಹಿಡಿದುಕೊಂಡ.

“ಅಪ್ಪ, ಇದ್ರಲ್ಲಿ ನಂಗಿಲ್ವಾ?”

ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟ. ಮಾತಾಡಿದವಳು ಅಜ್ಜಿ.

“ರುದ್ರ, ಆ ಅಂಗಿ ಬಿಚ್ಚಿ ಒಳೀಕ್ ಬಾ.”

ಅವನು ಹೊಸ್ತಿಲ ಆಚೆಯೇ ನಿಂತು ಗುಂಡಿ ಬಿಚ್ಚಿದ. ಅಂಗಿಯನ್ನು ಮಡಿಸಿ ಟಿಕೆಟ್ ಬ್ಯಾಗಿನೊಳಗೆ ತುರುಕಿ ಬನೀನಿನಲ್ಲಿ ಒಳಗೆ ಬಂದ. ಅಮ್ಮ ಎಲೆ ಹಾಕಿ ಬಡಿಸಿದಳು. ಟ್ರಂಕಿನಲ್ಲಿ ಅವನ ಹಳೆಯ ಅಂಗಿಗಳಿದ್ದವು, ಇಟ್ಟಿಗೆ ಬಣ್ಣದ್ದು, ಕೊಡೆಯದು, ನೇರಳೆಯದು. ಅವನು ಕೇಳಲಿಲ್ಲ, ಅಮ್ಮ ತೆಗೆದುಕೊಡಲಿಲ್ಲ. ದಿನವೆಲ್ಲ ಅವನು ಹಜಾರದಲ್ಲಿ ಬನೀನಿನಲ್ಲೇ ಕೂತಿದ್ದ. ವಠಾರದ ಹೆಂಗಸರು ಕಜ್ಜಾಯ ಕೊಡಲು ಬಂದಾಗ ಒಬ್ಬಾಕೆ ಕೇಳಿಯೇಬಿಟ್ಟಳು:

“ಇದೇನ್ ರುದ್ರಣ್ಣ, ಹಬ್ಬದ್ ದಿನ ಬರೀ ಬನೀನಲ್ಲಿ ಕೂತಿದೀರ?”

“ಸೆಕೆ ಕಣಮ್ಮ,” ಎಂದ ಅಪ್ಪ. ಹೊರಗೆ ಕಾರ್ತೀಕದ ಗಾಳಿ ಬೀಸುತ್ತಿತ್ತು. ಆಕೆ ಸ್ವೆಟರ್ ಹಾಕಿಕೊಂಡಿದ್ದಳು.

ಆ ಸಂಜೆ ಪಟಾಕಿ ಹಚ್ಚುವ ಮುಂಚೆಯೇ ಅವನು ಖಾಕಿ ತೊಟ್ಟು, ಯಾರೋ ರಜೆ ಹಾಕಿದ್ದಾರೆ, ಡ್ಯೂಟಿಗೆ ಹೋಗಬೇಕು ಎಂದು ಹೊರಟ. ಅಲ್ಲಿಂದ ಮುಂದೆ ದೀಪಾವಳಿ, ಯುಗಾದಿ, ಗೌರಿಹಬ್ಬ ಯಾವುದಕ್ಕೂ ಅಪ್ಪ ನಮ್ಮ ಮನೆಯಲ್ಲಿರಲಿಲ್ಲ. ಹಬ್ಬಕ್ಕೆ ಒಂದು ದಿನ ಮೊದಲು ಹೋದರೆ ಹಬ್ಬ ಕಳೆದ ಮೇಲೆ ಬರುತ್ತಿದ್ದ. ಅವನಿಗೆಂದು ಎತ್ತಿಟ್ಟ ಕಜ್ಜಾಯ ಗಟ್ಟಿಯಾಗಿರುತ್ತಿತ್ತು. ಅವನು ಅದನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ. ಅಜ್ಜಿ ಸಾಯುವವರೆಗೂ ಪ್ರತಿ ಹಬ್ಬದ ಬೆಳಿಗ್ಗೆ ಬಾಗಿಲಲ್ಲಿ ಕೂತಿರುತ್ತಿದ್ದಳು. ಅಮ್ಮ ಮಾತ್ರ ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಊಟಕ್ಕೆ ಕೂರಿಸಿ, “ಅವ್ರು ಅವ್ರ ಮನೇಲಿ ಉಣ್ತಾರೆ, ನೀವ್ ಉಣ್ಣಿ,” ಎನ್ನುತ್ತಿದ್ದಳು. ಕುಣಿಗಲ್ಲಿನ ಮನೆಗೆ ಅವಳು ಅವ್ರ ಮನೆ ಎಂದು ಹೆಸರಿಟ್ಟಿದ್ದು ಆಗಲೇ. ನಾನೂ ಶಿವುವೂ ಅದನ್ನು ನಂಬಿ ಬೆಳೆದೆವು. ಹಬ್ಬದ ದಿನ ಯಾರ ಮನೆಯಿಂದಲಾದರೂ ನಗು ಕೇಳಿದರೆ, ಕುಣಿಗಲ್ಲಿನಲ್ಲಿ ಹಸಿರು ಚೌಕಳಿಯ ಬಟ್ಟೆ ತೊಟ್ಟ ಮೂವರು ಸಾಲಾಗಿ ಕೂತು ಉಣ್ಣುತ್ತಿರುವುದು ನನ್ನ ಕಣ್ಣೆದುರು ಬರುತ್ತಿತ್ತು. ಅಪ್ಪನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಊಟದ ಚಿತ್ರದಿಂದಲೇ ಹುಟ್ಟಿದ್ದು.

ಮಂಡಿನೋವು ಬಂದು ಅವನು ಕೆಲಸ ಬಿಟ್ಟ ಮೇಲೆ ಹೆಚ್ಚು ದಿನ ಬದುಕಲಿಲ್ಲ. ತೀರಿಕೊಂಡದ್ದು ತುಮಕೂರಿನ ಮನೆಯಲ್ಲೇ. ಸುದ್ದಿ ಕೇಳಿ ಕುಣಿಗಲ್ಲಿನಿಂದ ತಾಯಿ ಮಗಳು ಬಂದರು, ವಠಾರದ ಬಾಗಿಲ ಹತ್ತಿರ ನಿಂತು ನೋಡಿದರು. ಅಮ್ಮ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಸ್ಮಶಾನದಲ್ಲಿ ಎಲ್ಲರ ಜೊತೆ ಮಣ್ಣು ಹಾಕಿ ಅವರು ಹೊರಟುಹೋದರು.

ಅದಾಗಿ ಕೆಲವು ವರ್ಷಕ್ಕೆ, ಟೀಚರಾಗಿದ್ದ ನನಗೆ ಕುಣಿಗಲ್ ತಾಲ್ಲೂಕಿನ ಒಂದು ಶಾಲೆಗೆ ವರ್ಗವಾಯಿತು. ಟೀಚರುಗಳ ತರಬೇತಿಯೊಂದರಲ್ಲಿ ಮಧ್ಯಾಹ್ನ ಊಟದ ಬುತ್ತಿ ಬಿಚ್ಚಿ ಕೂತಿದ್ದಾಗ, ಅಮೃತೂರಿನ ಕಡೆಯ ಶಾಲೆಯ ಟೀಚರೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಕೆಳದುಟಿ ನೋಡಿಯೇ ಗೀತಾ ಎಂದು ಗೊತ್ತಾಯಿತು, ಅವಳಿಗೂ ನನ್ನ ಗುರುತು ಸಿಕ್ಕಿತ್ತು. ನಾವಿಬ್ಬರೂ ಮೊದಲು ಮಕ್ಕಳ ಹಾಜರಾತಿ, ಬಿಸಿಯೂಟ ಇಂಥದ್ದೇ ಮಾತಾಡಿದೆವು. ಆಮೇಲೆ ಹೇಗೋ ಹಬ್ಬದ ಮಾತು ಬಂತು. ನಾನು ತಡೆದುಕೊಳ್ಳಲಾರದೆ ಹೇಳಿದೆ.

“ನಿಮ್ಗೇನು, ಹಬ್ಬದ್ ದಿನ ಅಪ್ಪ ನಿಮ್ಮನೇಲಿರೋರು.”

ಗೀತಾ ತುತ್ತನ್ನು ಡಬ್ಬಿಯಲ್ಲೇ ಬಿಟ್ಟು ನನ್ನನ್ನು ನೋಡಿದಳು.

“ನಮ್ಮನೇಲಾ? ಹಬ್ಬಕ್ಕೆ ಅವ್ರು ಬರ್ತಿರ್ಲಿಲ್ಲ ಅಕ್ಕ. ಆ ಗಣಪತಿಗ್ ಹೋಗಿದ್ವಲ್ಲ, ಅದಾಗಿ ಮುಂದಿನ್ ವರ್ಸದ ಹಬ್ಬ ಆದ್ಮೇಲೆ ಹಬ್ಬದ್ ದಿನ ಬರೋದೇ ನಿಲ್ಸ್‌ಬುಟ್ರು. ನಮ್ಮಮ್ಮ ಹೇಳೋರು, ಹಬ್ಬ ದೊಡ್ಡಮ್ಮನ ಮನೇಲಿ ಮಾಡೋದೇ ನ್ಯಾಯ, ಅಲ್ಲೇ ಇರ್ಲಿ ಬುಡು ಅಂತ.”

ಅವಳು ನಮ್ಮ ಅಮ್ಮನನ್ನು ದೊಡ್ಡಮ್ಮ ಎಂದಳು. ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

“ಮತ್ತೆ ಎಲ್ಲಿರೋರು?”

“ಅಪ್ಪ ಹೋದ್ಮೇಲೆ ಅವ್ರ ಜೊತೆ ಇದ್ದ ಡ್ರೈವರ್ ಒಬ್ರು ಹೇಳಿದ್ರು. ಹಬ್ಬ ಬಂತು ಅಂದ್ರೆ ಅಮೃತೂರು ಬಸ್ಸಿಗೆ ಡ್ಯೂಟಿ ಹಾಕುಸ್ಕೊಳ್ಳೋರಂತೆ. ಮಿಕ್ಕೋರೆಲ್ಲ ಮನೆಗೋದ್ರೂ ಇವ್ರೊಬ್ರೇ ಬಸ್ಸಲ್ಲೇ ಇರೋರಂತೆ. ಅಲ್ಲೇ ಸೀಟ್ ಮೇಲೆ ಮಲಗೋರಂತೆ.”

ಅಷ್ಟು ವರ್ಷ ಎರಡು ಮನೆಯವರೂ ಅವನಿಗೆ ಎಲೆ ಹಾಕದೆ ಉಂಡಿದ್ದೆವು. ಅವನು ಇನ್ನೊಂದು ಮನೆಯಲ್ಲಿ ಉಣ್ಣುತ್ತಿದ್ದಾನೆ ಎಂದು ಇಬ್ಬರೂ ತಿಳಿದಿದ್ದೆವು. ತರಬೇತಿಯ ಉಳಿದ ಹೊತ್ತು ಏನು ಹೇಳಿದರೋ ನನಗೆ ನೆನಪಿಲ್ಲ.

ಇದನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಹೋದ ದೀಪಾವಳಿಗೆ ಶಿವುವಿನ ಮಗಳು ಮೊಬೈಲಿನಲ್ಲಿ ಆಫರ್ ನೋಡಿ ಮನೆಯವರಿಗೆಲ್ಲ ಒಂದೇ ಬಣ್ಣದ ಬಟ್ಟೆ ತರಿಸಿದ್ದಳು. ಫೋಟೋ ತೆಗೆಯಬೇಕಂತೆ. ಶಿವು ಪೊಟ್ಟಣ ಬಿಚ್ಚಿ ನೋಡಿ, ಬಿಗಿಯಾಗುತ್ತದೆ ಎಂದು ಹಾಕಿಕೊಳ್ಳದೆ ಹೊರಗೆ ಹೋದ. ಮಗು ಪೆಚ್ಚಾಗಿ ಕೂತಿತು. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು, ಗೀತಾ ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಕೇಳಿಸಲಿಲ್ಲವೇನೋ ಅಂದುಕೊಂಡೆ. ಅವಳು ಮೊರದಲ್ಲಿದ್ದ ಕಾಯಿಗಳನ್ನೆಲ್ಲ ಸುಲಿದು ಮುಗಿಸಿದಳು, ಸಿಪ್ಪೆಯನ್ನು ಒಂದು ಕಡೆಗೆ ಗುಡ್ಡೆ ಮಾಡಿದಳು. ಆಮೇಲೆ ಕೇಳಿದಳು:

“ಹಬ್ಬದ್ ದಿನ ಹೋಟ್ಲೆಲ್ಲ ಮುಚ್ಚಿರ್ತಾವೆ. ಊಟಕ್ಕೇನ್ ಮಾಡ್ತಿದ್ರಂತೆ?”

ನಾನು ಅದನ್ನು ಗೀತಾಳ ಹತ್ತಿರ ಕೇಳಿರಲಿಲ್ಲ.